ಪಿಕಪ್‌ಗೆ ಪಾಟಾ ಹಾಕಿಸುವವರು ಬ್ರೇಕಿನ ರಾಡನ್ನೂ ನೋಡಲಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಓದುಗರ ಅಂಕಣದಲ್ಲಿ ಈಚೆಗೆ ಒಬ್ಬರು ಮಿತಿ ಮೀರಿ ಮಾಲು ಹೇರುವ ಪಿಕಪ್‌ಗಳ ಬಗ್ಗೆ ಬರೆದಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ನಸುಕಿನಲ್ಲಿ ಬೈಕ್ ಮೇಲೆ ಕೆಲಸಕ್ಕೆ ಹೊರಟವರ ಪಕ್ಕದಲ್ಲೇ ಅಂಥ ಗಾಡಿ ವಾಲಾಡುತ್ತಾ ಹೋದರೆ ಯಾರಿಗಾದರೂ ಜೀವ ಝಲ್ ಅನ್ನುತ್ತದೆ. ಆದರೆ ಕೊನೆಗೆ ಅವರು ಹೇಳಿದ ಪರಿಹಾರ ನನಗೆ ಸರಿ ಕಾಣಲಿಲ್ಲ. ಹೆಚ್ಚುವರಿ ಪಾಟಾ ಹಾಕಿಕೊಡುವ ಅಂಗಡಿಗಳನ್ನು ಮುಚ್ಚಿಸಿದರೆ ಓವರ್‌ಲೋಡ್ ತಾನಾಗಿಯೇ ನಿಲ್ಲುತ್ತದೆ ಎಂದು ಬರೆದಿದ್ದರು. ನಾನು ಬೆಳಗಾವಿಯ ಆಟೋ ನಗರದಲ್ಲಿ ಪಾಟಾ ಕೆಲಸ ಮಾಡುವವನು. ನಮ್ಮಪ್ಪ ಎತ್ತಿನ ಗಾಡಿಯ ಗಾಲಿಗೆ ಹಳಿ ಹಾಕುತ್ತಿದ್ದ ಕಮ್ಮಾರ. ಕಬ್ಬಿಣ ಎಲ್ಲಿ ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಅನ್ನುವುದನ್ನು ಅವರ ಕುಲುಮೆಯ ಮುಂದೆ ಕೂತು ಕಲಿತವನು ನಾನು. ಹಾಗಾಗಿ ಈ ವಿಷಯದಲ್ಲಿ ನನಗೆ ಗೊತ್ತಿರುವುದನ್ನು ಹೇಳಲೇಬೇಕು ಅನಿಸಿತು. ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ಪಾಟಾ ಅಂದರೇನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಪಿಕಪ್‌ನ ಹಿಂದಿನ ಗಾಲಿಯ ಹತ್ತಿರ ಬಗ್ಗಿ ನೋಡಿದರೆ, ಒಂದರ ಕೆಳಗೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು ಕಾಣುತ್ತವೆ. ಅವೇ ಪಾಟಾ. ಮೇಲಿನದು ಉದ್ದ, ಕೆಳಗೆ ಹೋದಂತೆ ಗಿಡ್ಡ. ನಡುವೆ ತೂತು ಕೊರೆದು ಸೆಂಟರ್ ಬೋಲ್ಟ್ ಹಾಕಿರುತ್ತಾರೆ. ಆ ಕಟ್ಟನ್ನು ಯು-ಬೋಲ್ಟ್‌ಗಳು ಹಿಂದಿನ ಹೌಸಿಂಗ್‌ಗೆ, ಅಂದರೆ ಹಿಂದಿನ ಎರಡು ಗಾಲಿಗಳ ನಡುವಿನ ಆಕ್ಸಲ್ ಕೊಳವೆಗೆ, ಬಿಗಿಯಾಗಿ ಕಚ್ಚಿಸಿ ಹಿಡಿಯುತ್ತವೆ. ನೀವು ಹೇರಿದ ಮಾಲಿನ ಭಾರದ ಬಹುಪಾಲು ಈ ಪಟ್ಟಿಗಳ ಮೂಲಕವೇ ಗಾಲಿಗೆ ಇಳಿಯುತ್ತದೆ.

ನನ್ನ ಅಂಗಡಿಗೆ ಬರುವವರೆಲ್ಲ ಓವರ್‌ಲೋಡ್ ಮಾಡುವವರಲ್ಲ. ಇದನ್ನು ಮೊದಲು ಹೇಳಬೇಕು. ಜಾಂಬೋಟಿ ಕಡೆಯ ರಸ್ತೆ ಮಳೆಗಾಲದಲ್ಲಿ ಹೇಗಿರುತ್ತದೆ ಎಂದು ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ರಸ್ತೆಯಲ್ಲಿ ಕೆಲವು ವರ್ಷ ಓಡಿದ ಗಾಡಿಯ ಪಾಟಾ ತನ್ನ ಬಾಗು ಕಳೆದುಕೊಂಡು ಚಪ್ಪಟೆಯಾಗುತ್ತದೆ. ಆಮೇಲೆ ಪಾಸಿಂಗ್, ಅಂದರೆ ಕಾನೂನು ಒಪ್ಪಿದ ಮಾಲಿನ ತೂಕ, ಎಷ್ಟಿದೆಯೋ ಅಷ್ಟೇ ಹೇರಿದರೂ ಗುಂಡಿಗೆ ಬಿದ್ದಾಗ ಹೌಸಿಂಗ್ ಹೋಗಿ ಗಾಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಬಡಿಯುತ್ತದೆ. ಕಡೋಲಿಯಿಂದ ಹೂಕೋಸು ತರುವವರದ್ದು ಬೇರೆ ಕಷ್ಟ. ಅವರ ಮಾಲು ತೂಕಕ್ಕಿಂತ ಎತ್ತರ ಜಾಸ್ತಿ. ತಿರುವಿನಲ್ಲಿ ಗಾಡಿ ಒಂದು ಕಡೆ ವಾಲುತ್ತದೆ. ಇನ್ನು ಉದ್ಯಮಬಾಗದ ಫೌಂಡ್ರಿಗಳಿಂದ ಕಾಸ್ಟಿಂಗ್ ಒಯ್ಯುವವರು. ನೋಡಲಿಕ್ಕೆ ಹಿಡಿಯಷ್ಟು ಮಾಲು, ತೂಕ ಮಾತ್ರ ವಿಪರೀತ. ಅದೂ ಡಾಲಾದ, ಅಂದರೆ ಮಾಲು ಹೇರುವ ತೊಟ್ಟಿಯ, ಹಿಂದಿನ ತುದಿಯಲ್ಲೇ ಇಟ್ಟಿರುತ್ತಾರೆ. ಇಂಥವರಿಗೆ ಪಾಟಾ ಸರಿ ಮಾಡಿಕೊಡುವುದು ಗಾಡಿಯನ್ನು ಸುರಕ್ಷಿತ ಮಾಡುವ ಕೆಲಸ. ಅಂಗಡಿ ಮುಚ್ಚಿಸಿದರೆ ಇವರೆಲ್ಲ ಎಲ್ಲಿಗೆ ಹೋಗಬೇಕು? ಗುಜರಿಯಿಂದ ಯಾವುದೋ ಲಾರಿಯ ಪಾಟಾ ತಂದು, ಮನೆ ಮುಂದೆ ಗ್ಯಾಸ್ ಕಟರ್‌ನಿಂದ ಕತ್ತರಿಸಿ ತಾವೇ ಸಿಕ್ಕಿಸಿಕೊಳ್ಳುತ್ತಾರೆ. ಅದು ಇನ್ನೂ ಅಪಾಯ.

ಆದರೆ ಇನ್ನೊಂದು ಥರದವರೂ ಬರುತ್ತಾರೆ. ಅವರ ಮಾತು ಹೀಗಿರುತ್ತದೆ:

“ಮಿಸ್ತ್ರಿ ಕಾಕಾ, ಗಾಡಿ ಹಿಂದ ಭಾಳ ಕುಂದರಾಕತ್ತೈತ್ರಿ. ಎರಡೆರಡ ಪಾಟಾ ಜಾಸ್ತಿ ಹಾಕಿ ಕೊಡ್ರಿ.”

“ಪಾಸಿಂಗ್ ಎಷ್ಟೈತಪಾ?”

“ದೀಡ ಟನ್ ಐತ್ರಿ.”

“ಹೇರೂದೆಷ್ಟ?”

“ಅಡೀಚ ಹೇರತೀವ್ರಿ. ಒಮ್ಮೊಮ್ಮೆ ಮೂರೂ ಆಕ್ಕೈತಿ. ಈಗ ಪಾಟಾ ಹಾಕಿದ್ರ ಚಿಂತಿ ಇರಂಗಿಲ್ಲಲ್ರಿ.”

ದೀಡ ಅಂದರೆ ಒಂದೂವರೆ, ಅಡೀಚ ಅಂದರೆ ಎರಡೂವರೆ. ಅವನ ಕೊನೆಯ ಮಾತೇ ಎಲ್ಲ ಅನಾಹುತದ ಮೂಲ. ಪಾಟಾ ಹಾಕಿದರೆ ಚಿಂತೆ ಇರುವುದಿಲ್ಲ ಎಂದು ಆ ಹುಡುಗ ನಿಜಕ್ಕೂ ನಂಬಿದ್ದಾನೆ. ಗಾಡಿ ಹಿಂದೆ ಕೂರದೆ ನೆಟ್ಟಗೆ ನಿಂತರೆ ಅದಕ್ಕೆ ಅಷ್ಟು ಭಾರ ಹೊರುವ ತಾಕತ್ತು ಬಂತು ಎಂದುಕೊಂಡಿದ್ದಾನೆ. ನೆಟ್ಟಗೆ ನಿಂತದ್ದು ಪಾಟಾದ ತಾಕತ್ತಿನಿಂದ. ಗಾಡಿಯನ್ನು ನಿಲ್ಲಿಸುವ ತಾಕತ್ತು ಇದ್ದಷ್ಟೇ ಇರುತ್ತದೆ. ನಿಜ ಹೇಳಬೇಕೆಂದರೆ, ಮೊದಲಿಗಿಂತ ಕಡಿಮೆಯೂ ಆಗಬಹುದು. ಹೇಗೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ನಾನು ಈ ಪತ್ರ ಬರೆದದ್ದೇ ಅದಕ್ಕೆ.

ಬಹಳಷ್ಟು ಪಿಕಪ್‌ಗಳಲ್ಲಿ ಚಾಸಿಯ ಕೆಳಗೆ, ಹಿಂದಿನ ಹೌಸಿಂಗ್‌ಗಿಂತ ಸ್ವಲ್ಪ ಮುಂದೆ, ಒಂದು ಸಣ್ಣ ವಾಲ್ವ್ ಇರುತ್ತದೆ. ಮುಷ್ಟಿಯಷ್ಟು ದೊಡ್ಡದು. ಬ್ರೇಕ್ ಆಯಿಲ್‌ನ ಪೈಪು ಅದರೊಳಗೆ ಹೋಗಿ ಹೊರಗೆ ಬರುತ್ತದೆ. ವಾಲ್ವ್‌ನಿಂದ ಒಂದು ಲಿವರ್, ಆ ಲಿವರ್‌ನಿಂದ ಒಂದು ರಾಡ್ ಅಥವಾ ಸ್ಪ್ರಿಂಗ್ ಕೆಳಗಿಳಿದು ಹೌಸಿಂಗ್‌ಗೆ ಜೋಡಿಸಿರುತ್ತದೆ. ಕಂಪನಿಯವರು ಅದಕ್ಕೆ ಎಲ್‌ಎಸ್‌ಪಿವಿ ಅನ್ನುತ್ತಾರೆ, ಅಂದರೆ ಭಾರ ನೋಡಿ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್. ಕೆಸರು ಮೆತ್ತಿಕೊಂಡು ಅಲ್ಲೊಂದು ವಸ್ತು ಇದೆ ಅಂತಲೇ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಗಾಡಿ ಓಡಿಸಿದ ಡ್ರೈವರ್‌ಗಳೂ ಅದನ್ನು ನೋಡಿರುವುದಿಲ್ಲ.

ಅದರ ಕೆಲಸ ಇಷ್ಟೇ. ಗಾಡಿ ಖಾಲಿ ಇದ್ದಾಗ ಹಿಂದಿನ ಗಾಲಿಗಳ ಮೇಲೆ ಹೆಚ್ಚು ಭಾರ ಇರುವುದಿಲ್ಲ. ಆಗ ಹಿಂದೆ ಜೋರಾಗಿ ಬ್ರೇಕ್ ಬಿದ್ದರೆ ಗಾಲಿ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಅದಕ್ಕೇ ವಾಲ್ವ್ ಹಿಂದಕ್ಕೆ ಹೋಗುವ ಒತ್ತಡವನ್ನು ಕಡಿಮೆ ಮಾಡುತ್ತದೆ. ಮಾಲು ಹೇರಿದಾಗ ಗಾಡಿ ಹಿಂದೆ ಕೂರುತ್ತದೆ, ಚಾಸಿ ಮತ್ತು ಹೌಸಿಂಗ್ ನಡುವಿನ ಅಂತರ ಕಡಿಮೆಯಾಗುತ್ತದೆ, ರಾಡ್ ಲಿವರ್ ಅನ್ನು ಮೇಲಕ್ಕೆ ನೂಕುತ್ತದೆ. ವಾಲ್ವ್ ತೆರೆದು ಹಿಂದಿನ ಬ್ರೇಕ್‌ಗೆ ಜಾಸ್ತಿ ಒತ್ತಡ ಬಿಡುತ್ತದೆ. ಅಂದರೆ ಗಾಡಿ ಎಷ್ಟು ಕೂತಿದೆ ಅನ್ನುವುದನ್ನು ನೋಡಿಯೇ ವಾಲ್ವ್ ಭಾರವನ್ನು ತಿಳಿಯುತ್ತದೆ. ಅದಕ್ಕೆ ಬೇರೆ ಕಣ್ಣಿಲ್ಲ.

ಈಗ ನೀವೇ ಯೋಚಿಸಿ. ಗಾಡಿ ಕೂರಲೇಬಾರದು ಅಂತ ಎರಡೆರಡು ಪಾಟಾ ಜಾಸ್ತಿ ತುರುಕಿಸಿದಿರಿ. ಮೂರು ಟನ್ ಹೇರಿದರೂ ಗಾಡಿ ಮೊದಲು ಅದಕ್ಕಿಂತ ಬಹಳ ಕಡಿಮೆ ಲೋಡಿನಲ್ಲಿ ಕೂರುತ್ತಿದ್ದಷ್ಟೇ ಕೂರುತ್ತದೆ. ವಾಲ್ವ್‌ಗೆ ಗಾಡಿಯಲ್ಲಿ ಆ ಕಡಿಮೆ ಲೋಡ್ ಮಾತ್ರ ಇದೆ ಎಂದು ಕಾಣುತ್ತದೆ. ಹಿಂದಿನ ಬ್ರೇಕ್‌ಗೆ ಅದಕ್ಕೆ ತಕ್ಕಷ್ಟೇ ಒತ್ತಡ ಬಿಡುತ್ತದೆ. ಮಾಲು ಎರಡು ಪಟ್ಟು, ಹಿಂದಿನ ಬ್ರೇಕ್ ಅದಕ್ಕೆ ಸಾಲದಷ್ಟು. ಉಳಿದ ಕೆಲಸವನ್ನೆಲ್ಲ ಮುಂದಿನ ಡಿಸ್ಕ್ ಮತ್ತು ಪ್ಯಾಡ್ ಮಾಡಬೇಕು.

ಸಪಾಟು ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ. ಗೊತ್ತಾಗುವುದು ಚೋರ್ಲಾ ಘಾಟಿನಲ್ಲಿ. ಬೆಳಗಾವಿಯ ತರಕಾರಿ ಗೋವಾಕ್ಕೆ ಹೋಗುವುದು ಬಹುಪಾಲು ಇಂಥ ಪಿಕಪ್‌ಗಳಲ್ಲೇ, ಅದೂ ರಾತ್ರಿ ಮತ್ತು ನಸುಕಿನಲ್ಲಿ. ಕಣಕುಂಬಿ ದಾಟಿ ಚೋರ್ಲಾದಿಂದ ಕೇರಿ ಕಡೆಗೆ ಇಳಿಯಲು ಶುರು ಮಾಡಿದರೆ ತಿರುವಿನ ಮೇಲೆ ತಿರುವು. ಮಳೆಗಾಲದಲ್ಲಿ ಮಂಜು ಬೇರೆ. ಅಲ್ಲಿ ಮುಂದಿನ ಬ್ರೇಕ್ ಒಂದರ ಮೇಲೆಯೇ ಅಷ್ಟು ಭಾರ ಹಿಡಿದು ಇಳಿದರೆ ಪ್ಯಾಡ್ ಕಾದು ಕೆಂಡವಾಗುತ್ತದೆ. ಆ ಕಾವು ಬ್ರೇಕ್ ಆಯಿಲ್‌ಗೆ ಏರುತ್ತದೆ. ಡಾಟ್ 3 ಅನ್ನುವ ಮಾಮೂಲಿ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂದು ನಿಯಮ ಇದೆ. ಆದರೆ ಅದು ಗಾಳಿಯಲ್ಲಿನ ತೇವ ಹೀರುವ ಆಯಿಲ್. ತೇವ ಹೀರಿದ ಆಯಿಲ್‌ಗೆ ಅದೇ ನಿಯಮದಲ್ಲಿ ಇರುವ ಮಿತಿ 140 ಡಿಗ್ರಿ ಮಾತ್ರ. ನಮ್ಮ ಖಾನಾಪುರ, ಜಾಂಬೋಟಿ ಭಾಗದ ಮಳೆಯಲ್ಲಿ ಓಡುವ ಗಾಡಿಯ ಆಯಿಲ್ ಎಷ್ಟು ತೇವ ಹೀರಿರಬಹುದು, ಹೇಳಿ. ಆಯಿಲ್ ಕುದ್ದು ಪೈಪಿನಲ್ಲಿ ಆವಿ ತುಂಬಿದರೆ ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ಕಾಲಿಗೆ ಏನೂ ಸಿಗುವುದಿಲ್ಲ. ಆಮೇಲೆ ಪೇಪರಿನಲ್ಲಿ ಬರುವುದು ಒಂದೇ ಸಾಲು: ಬ್ರೇಕ್ ಫೇಲ್ ಆಗಿ ಪಲ್ಟಿ.

ಬ್ರೇಕ್ ಫೇಲ್ ಅಂದರೆ ಎಲ್ಲರೂ ಬ್ರೇಕ್ ಮಾಡಿದ ಮೆಕ್ಯಾನಿಕ್ ಕಡೆ ಬೆರಳು ತೋರಿಸುತ್ತಾರೆ. ಪಾಟಾದ ಕಡೆ ಯಾರೂ ನೋಡುವುದಿಲ್ಲ. ಆ ಎರಡಕ್ಕೂ ನಂಟು ಇದೆ ಅನ್ನುವುದೇ ಜನಕ್ಕೆ ಗೊತ್ತಿಲ್ಲ.

ಕೆಲವು ಜಾಣರು ಇನ್ನೊಂದು ಕೆಲಸ ಮಾಡುತ್ತಾರೆ. ಆ ಲಿವರ್ ಅನ್ನು ಮೇಲಕ್ಕೆತ್ತಿ ಬೈಂಡಿಂಗ್ ತಂತಿಯಿಂದ ಚಾಸಿಗೆ ಕಟ್ಟಿಬಿಡುತ್ತಾರೆ. ಆಗ ವಾಲ್ವ್ ಯಾವಾಗಲೂ ಪೂರ್ತಿ ತೆರೆದಿರುತ್ತದೆ, ಹಿಂದಿನ ಬ್ರೇಕ್ ಯಾವಾಗಲೂ ಪೂರ್ತಿ ಹಿಡಿಯುತ್ತದೆ. ಲೋಡ್ ಇದ್ದಾಗ ಬ್ರೇಕ್ ಚೆನ್ನಾಗಿದೆ ಅನಿಸುತ್ತದೆ, ನಿಜ. ಗೋವಾದಲ್ಲಿ ಮಾಲು ಇಳಿಸಿ ಖಾಲಿ ಗಾಡಿಯಲ್ಲಿ ಮರಳುವಾಗ, ಒದ್ದೆ ರಸ್ತೆಯಲ್ಲಿ ಎದುರಿಗೆ ಒಂದು ಎಮ್ಮೆ ಬಂತು ಅಂತ ಬ್ರೇಕ್ ತುಳಿದರೆ ಹಿಂದಿನ ಗಾಲಿ ಒಮ್ಮೆಲೇ ಲಾಕ್. ಗಾಡಿಯ ಹಿಂಭಾಗ ಮುಂದಕ್ಕೆ ಬರುತ್ತದೆ. ಅದರ ಮೇಲೆ ಜಾಸ್ತಿ ಪಾಟಾದಿಂದ ಹಿಂಭಾಗ ಮೊದಲೇ ಬಿರುಸಾಗಿದ್ದು, ಗುಂಡಿ ಸಿಕ್ಕಾಗಲೆಲ್ಲ ಗಾಲಿ ನೆಲ ಬಿಟ್ಟು ಕುಣಿಯುತ್ತಿರುತ್ತದೆ. ನೆಲ ಮುಟ್ಟದ ಗಾಲಿ ಬ್ರೇಕ್ ಹಿಡಿಯುವುದಾದರೂ ಹೇಗೆ? ತಂತಿ ಕಟ್ಟಿದ ಗಾಡಿ ನನ್ನ ಅಂಗಡಿಗೆ ಬಂದರೆ ಮೊದಲು ತಂತಿ ಕತ್ತರಿಸುತ್ತೇನೆ, ಆಮೇಲೆ ಮಾತು.

ಕೆಲವು ಹೊಸ ಗಾಡಿಗಳಲ್ಲಿ ಈ ಕೆಲಸವನ್ನು, ಗಾಲಿ ಲಾಕ್ ಆಗದಂತೆ ತಡೆಯುವ ಎಬಿಎಸ್ ಜೊತೆಗಿರುವ ಎಲೆಕ್ಟ್ರಾನಿಕ್ ವ್ಯವಸ್ಥೆ ನೋಡಿಕೊಳ್ಳುತ್ತದೆ. ಆದರೆ ಇವತ್ತು ಎಪಿಎಂಸಿ ಯಾರ್ಡಿನಲ್ಲಿ ಸಾಲಾಗಿ ನಿಂತಿರುವ ಹಳೇ ಗಾಡಿಗಳು ಇನ್ನೂ ಬಹಳ ವರ್ಷ ಓಡುತ್ತವೆ.

ಹಾಗಾದರೆ ರಾಡ್ ಹೊಂದಿಸಿಕೊಂಡರೆ ಆಯಿತಲ್ಲ ಎಂದು ಕೇಳಬಹುದು. ಹೊಂದಿಸಲೇಬೇಕು. ಪಾಟಾ ಬಿಚ್ಚಿ ಕಟ್ಟಿದ ಮೇಲೆ, ಬಾಗು ಬದಲಾದ ಮೇಲೆ, ಕಂಪನಿ ಹೇಳಿದ ಅಳತೆಗೆ ರಾಡ್ ಮತ್ತೆ ಸೆಟ್ ಮಾಡಬೇಕು. ಆದರೆ ಅದರಿಂದ ಸರಿಯಾಗುವುದು ಖಾಲಿ ಗಾಡಿಯ ಲೆಕ್ಕ ಮಾತ್ರ. ಮೊದಲು ಒಂದು ಟನ್‌ಗೆ ಗಾಡಿ ನಾಲ್ಕು ಬೆರಳು ಕೂರುತ್ತಿತ್ತು, ಬಿರುಸು ಪಾಟಾ ಹಾಕಿದ ಮೇಲೆ ಎರಡೇ ಬೆರಳು ಕೂರುತ್ತದೆ ಅಂತಿಟ್ಟುಕೊಳ್ಳಿ. ರಾಡ್ ಎಷ್ಟೇ ಹೊಂದಿಸಿದರೂ ಆ ಎರಡು ಬೆರಳು ನಾಲ್ಕಾಗುವುದಿಲ್ಲ. ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತಂದರೂ ಒಳಗಿನ ಸ್ಪ್ರಿಂಗ್ ಬದಲಾದರೆ ತೂಕ ತಪ್ಪು ತೋರಿಸುತ್ತದಲ್ಲ, ಹಾಗೆ.

ಅದಕ್ಕೇ ನಾನು ಪೂರ್ತಿ ಉದ್ದದ ಪಾಟಾ ಜಾಸ್ತಿ ಮಾಡುವುದಕ್ಕಿಂತ ಹೆಲ್ಪರ್ ಪಾಟಾ, ಅಂದರೆ ಮುಖ್ಯ ಕಟ್ಟಿಗೆ ನೆರವಾಗುವ ಬೇರೆ ಪಾಟಾ, ಹಾಕಿಸಿ ಎನ್ನುತ್ತೇನೆ. ಖಾಲಿ ಇದ್ದಾಗ ಅದು ಯಾವುದಕ್ಕೂ ತಾಗದೆ ಇರುತ್ತದೆ. ಪಾಸಿಂಗ್ ಭಾರದ ಹತ್ತಿರ ಬಂದಾಗಷ್ಟೇ ಕೈಜೋಡಿಸುತ್ತದೆ. ಅಲ್ಲಿಯವರೆಗೆ ಗಾಡಿ ಕಂಪನಿಯಿಂದ ಬಂದ ಲೆಕ್ಕದಲ್ಲೇ ಕೂರುವುದರಿಂದ ವಾಲ್ವ್‌ಗೂ ಭಾರ ಸರಿಯಾಗಿ ಗೊತ್ತಾಗುತ್ತದೆ. ಗುಂಡಿಗೆ ಬಿದ್ದಾಗ ತಳ ಬಡಿಯುವುದು ನಿಲ್ಲುತ್ತದೆ. ಖಾಲಿ ಬರುವಾಗ ಕುಣಿಯುವುದೂ ಇಲ್ಲ. ಟೊಮೆಟೊ ಕ್ರೇಟ್ ಒಯ್ಯುವವರು ಇದನ್ನು ಬೇಗ ಒಪ್ಪುತ್ತಾರೆ. ಬಿರುಸು ಗಾಡಿಯಲ್ಲಿ ತಳದ ಕ್ರೇಟಿನ ಹಣ್ಣು ಏನಾಗುತ್ತದೆ ಎಂದು ಅವರಿಗೆ ಗೊತ್ತು. ಬಾಗು ಕಳೆದುಕೊಂಡ ಹಳೇ ಕಟ್ಟಿದ್ದರೆ ಮೇಲೆ ಮೇಲೆ ಪಾಟಾ ಸೇರಿಸುವುದಕ್ಕಿಂತ ಪೂರ್ತಿ ಕಟ್ಟನ್ನೇ ಅದೇ ಅಳತೆಯ ಹೊಸದಕ್ಕೆ ಬದಲಿಸುವುದು ಒಳ್ಳೆಯದು. ದುಡ್ಡು ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ.

ದಪ್ಪದ ಬಗ್ಗೆಯೂ ಒಂದು ಮಾತು. “ಎರಡು ಪಾಟಾ ಬದಲು ಒಂದೇ ದಪ್ಪನೆಯದು ಹಾಕಿ” ಎನ್ನುವವರು ಬಹಳ. ಪಟ್ಟಿಯ ಬಿರುಸು ದಪ್ಪಕ್ಕೆ ಸಮನಾಗಿ ಹೆಚ್ಚುವುದಿಲ್ಲ, ದಪ್ಪದ ಘನದಷ್ಟು ಹೆಚ್ಚುತ್ತದೆ. 8 ಮಿಲಿಮೀಟರ್ ಇದ್ದದ್ದು 10 ಆದರೆ ಬಿರುಸು ಹೆಚ್ಚುಕಡಿಮೆ ಎರಡು ಪಟ್ಟು. 12 ಆದರೆ ಮೂರು ಪಟ್ಟಿಗೂ ಮೇಲೆ. ಇನ್ನೊಂದು ಸಂಗತಿ ಕೇಳಿದವರು ನಂಬುವುದೇ ಇಲ್ಲ: ತೆಳ್ಳನೆಯ ಪಾಟಾಗಳ ನಡುವೆ ಒಂದು ದಪ್ಪನೆಯದು ಹಾಕಿದರೆ ಮೊದಲು ಮುರಿಯುವುದು ಆ ದಪ್ಪನೆಯದೇ. ಕಟ್ಟಿನಲ್ಲಿರುವ ಎಲ್ಲ ಪಟ್ಟಿಗಳೂ ಒಂದೇ ಸಮನೆ ಬಾಗಬೇಕು. ಅಷ್ಟೇ ಬಾಗಿದರೂ ದಪ್ಪ ಪಟ್ಟಿಯ ಹೊರಮೈ ಜಾಸ್ತಿ ಎಳೆಯಲ್ಪಡುತ್ತದೆ. ಅಲ್ಲೇ ಬಿರುಕು ಹುಟ್ಟುತ್ತದೆ.

ಮುರಿದ ಪಾಟಾ ಕೈಗೆ ತೆಗೆದುಕೊಂಡು ಮುರಿದ ಬಾಯನ್ನು ಒಮ್ಮೆ ನೋಡಿ. ಒಂದು ಕಡೆ ಕಪ್ಪಗೆ, ತುಕ್ಕು ಹಿಡಿದು ಮಾಸಿರುತ್ತದೆ. ಇನ್ನೊಂದು ಕಡೆ ಈಗಷ್ಟೇ ಒಡೆದ ಹಾಗೆ ಬೆಳ್ಳಗೆ, ಕಾಳುಕಾಳಾಗಿ ಹೊಳೆಯುತ್ತದೆ. ಕಪ್ಪಗಿರುವುದು ಹಳೇ ಬಿರುಕು. ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಒಳಗೊಳಗೇ ಬೆಳೆದು ಬಂದದ್ದು. ಬೆಳ್ಳಗಿರುವುದು ಮಾತ್ರ ನಿನ್ನೆ ಗುಂಡಿಯಲ್ಲಿ ಮುರಿದದ್ದು. “ನಿನ್ನೆವರೆಗೆ ಛಲೋ ಇತ್ರಿ” ಎಂದು ಡ್ರೈವರ್ ಹೇಳುತ್ತಾನೆ, ಅವನು ಸುಳ್ಳು ಹೇಳುತ್ತಿಲ್ಲ. ಬಗ್ಗಿ ನೋಡದವರಿಗೆ ಅದು ಕಾಣುವುದಿಲ್ಲ ಅಷ್ಟೆ. ಬಿರುಕು ಬಹಳ ಸಲ ಸೆಂಟರ್ ಬೋಲ್ಟಿನ ತೂತಿನಲ್ಲೇ ಹುಟ್ಟುತ್ತದೆ. ಯು-ಬೋಲ್ಟ್ ಬಿಗಿಯಾಗಿದ್ದರೆ ಆ ಭಾಗ ಅಲುಗಾಡುವುದಿಲ್ಲ. ಸಡಿಲವಾದರೆ ಬಾಗುವಿಕೆ ಪೂರ್ತಿ ತೂತಿನ ಬಾಯಿಗೆ ಬಂದು ಕೂರುತ್ತದೆ. ಹೊಸದಾಗಿ ಕಟ್ಟಿದ ಪಾಟಾ ಲೋಡ್ ಬಿದ್ದು ಕೆಲವು ದಿನ ಓಡಿದ ಮೇಲೆ ಕೂತುಕೊಳ್ಳುತ್ತದೆ, ಯು-ಬೋಲ್ಟ್ ಸಡಿಲವಾಗುತ್ತದೆ. ಮರಳಿ ಬಂದು ಬಿಗಿ ಮಾಡಿಸಿಕೊಳ್ಳಿ, ಅದಕ್ಕೆ ದುಡ್ಡು ಬೇಡ ಎಂದರೂ ಬರುವವರು ಕಡಿಮೆ. ಸೆಂಟರ್ ಬೋಲ್ಟ್ ಕತ್ತರಿಸಿ ಹೋದರೆ ಹೌಸಿಂಗ್ ಒಂದು ಕಡೆ ಹಿಂದಕ್ಕೆ ಸರಿದು ಗಾಡಿ ಸೊಟ್ಟಗೆ ಓಡುತ್ತದೆ. ನಮ್ಮ ರಸ್ತೆಗಳಲ್ಲಿ ಅಂಥ ಗಾಡಿಗಳನ್ನು ಹಿಂದಿನಿಂದ ನೀವೂ ನೋಡಿರುತ್ತೀರಿ.

ಇನ್ನು ಪಾಟಾಕ್ಕೆ ವೆಲ್ಡಿಂಗ್. ಯಾರೂ ಮಾಡಿಸಬೇಡಿ. ಪಾಟಾದ ಉಕ್ಕಿಗೆ ಕಾರ್ಖಾನೆಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದವಾಗಿ ಕಾಯಿಸಿ ಹದ ಕೊಟ್ಟಿರುತ್ತಾರೆ. ವೆಲ್ಡಿಂಗ್ ಅಥವಾ ಗ್ಯಾಸ್ ಕಟರ್‌ನ ಉರಿ ತಾಗಿದ ಜಾಗದಲ್ಲಿ ಆ ಹದ ಹೋಗುತ್ತದೆ. ಒಂದು ಕಡೆ ಗಾಜಿನಂತೆ ಬಿರುಸು, ಪಕ್ಕದಲ್ಲೇ ಮೆತ್ತಗೆ. ಮುರಿಯುವುದು ಖಾತ್ರಿ, ಯಾವಾಗ ಅನ್ನುವುದಷ್ಟೇ ಬಾಕಿ.

ಟೈರಿನ ಮಾತು ಚಿಕ್ಕದು. ಟೈರಿನ ಪಕ್ಕದಲ್ಲಿ ಅಳತೆಯ ಮುಂದೆ ಒಂದು ಅಂಕಿ ಇರುತ್ತದೆ. 106 ಅಂತಿದ್ದರೆ ಆ ಟೈರು ಸರಿಯಾದ ಗಾಳಿ ಇದ್ದಾಗ ಹೊರಬಹುದಾದ್ದು 950 ಕೆ.ಜಿ., 100 ಅಂತಿದ್ದರೆ 800 ಕೆ.ಜಿ. ಹಿಂದೆ ಇರುವುದು ಎರಡೇ ಟೈರು. ಗಾಡಿಯ ಸ್ವಂತ ಭಾರವೂ ಅದರಲ್ಲೇ ಸೇರಬೇಕು. ಪಾಟಾ ಎಷ್ಟೇ ಸೇರಿಸಿದರೂ ಆ ಅಂಕಿ ಬದಲಾಗುವುದಿಲ್ಲ. ಗಾಲಿಯ ಬೇರಿಂಗ್, ಆಕ್ಸಲ್, ಚಾಸಿಗೆ ಪಾಟಾ ಕೂರುವ ಬ್ರಾಕೆಟ್, ಇವೂ ಹಾಗೆಯೇ. ಪಾಟಾ ಬಲವಾದಾಗ ಬಿರುಕು ಬಿಡುವ ಸರದಿ ಬ್ರಾಕೆಟ್ಟಿನದು.

ಹಾಗಂತ ತಪ್ಪನ್ನೆಲ್ಲ ಡ್ರೈವರ್ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಅವನು ಯಾಕೆ ಹೇರುತ್ತಾನೆ ಅಂತ ನೋಡಬೇಕು. ಬಾಡಿಗೆ ಚೀಲದ ಲೆಕ್ಕದಲ್ಲಿ ಸಿಗುತ್ತದೆ. ಸಾಲದ ಕಂತು, ಡೀಸೆಲ್, ಟೋಲ್ ಕಳೆದು ನಾಲ್ಕು ಕಾಸು ಉಳಿಯಬೇಕಾದರೆ ಹತ್ತು ಚೀಲ ಜಾಸ್ತಿ ಹಾಕಬೇಕು. ಅವನು ಒಲ್ಲೆ ಅಂದರೆ ಹಿಂದೆ ನಿಂತಿರುವ ಇನ್ನೊಬ್ಬ ಹಾಕಿಕೊಳ್ಳುತ್ತಾನೆ. ಕಟ್ಟಡದ ಮಾಲಿನದ್ದೂ ಇದೇ ಕಥೆ. ಸಿಮೆಂಟ್ ಚೀಲ 50 ಕೆ.ಜಿ. ಅಂದಮೇಲೆ 30 ಚೀಲಕ್ಕೇ ದೀಡ ಟನ್ ಮುಗಿಯಿತು. ಖಾನಾಪುರ ಕಡೆಯಿಂದ ಬರುವ ಇಟ್ಟಿಗೆ ಒಂದಕ್ಕೆ ಮೂರು ಕೆ.ಜಿ. ಹಿಡಿದರೂ 500 ಇಟ್ಟಿಗೆಗೆ ಪಾಸಿಂಗ್ ತುಂಬುತ್ತದೆ. ಆದರೆ ಮನೆ ಕಟ್ಟಿಸುವವರು ಫೋನಿನಲ್ಲಿ ಹೇಳುವುದು “ಒಂದು ಪಿಕಪ್, ಸಾವಿರ ಇಟ್ಟಿಗೆ ಕಳಿಸಿ” ಅಂತ. ಅವರಿಗೂ ಈ ಲೆಕ್ಕ ಗೊತ್ತಿರುವುದಿಲ್ಲ.

ಕಾಯ್ದೆ ಏನು ಹೇಳುತ್ತದೆ ಎಂದರೆ, ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಓವರ್‌ಲೋಡ್‌ಗೆ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್‌ಗೆ ಇನ್ನೂ 2,000. 2019ರ ಸೆಪ್ಟೆಂಬರ್‌ನಿಂದ ಈ ದರ ಜಾರಿಯಲ್ಲಿದೆ. ಹೆಚ್ಚಿನ ಮಾಲು ಇಳಿಸುವ ಖರ್ಚನ್ನೂ ಕೊಡಬೇಕು. ಪಾಟಾ ಹಾಕಿಸಿದ್ದೇನೆ ಅಂದರೆ ಆರ್‌ಸಿಯಲ್ಲಿ ಬರೆದಿರುವ ತೂಕ ಒಂದು ಕೆ.ಜಿ.ಯೂ ಏರುವುದಿಲ್ಲ. ಆದರೆ ಅದೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ. ದಂಡ ಓಡಿಸಿದವನಿಗೆ ಮಾತ್ರ ಅಲ್ಲ, ಹಾಗೆ ಓಡಿಸಲು ಕಾರಣರಾದವರಿಗೂ, ಓಡಿಸಲು ಬಿಟ್ಟವರಿಗೂ. ಈ ಭಾಗವನ್ನು ಯಾರೂ ಓದಿದಂತೆ ಕಾಣುವುದಿಲ್ಲ. ರಸ್ತೆಯಲ್ಲಿ ಸಿಕ್ಕಿಬೀಳುವುದು ಡ್ರೈವರ್ ಒಬ್ಬನೇ. ಮಾಲು ತುಂಬಿಸಿದ ವ್ಯಾಪಾರಿಯ ಹೆಸರು ದಂಡದ ಚೀಟಿಯಲ್ಲೂ ಬರುವುದಿಲ್ಲ.

ಆದ್ದರಿಂದ ಸಂಬಂಧಪಟ್ಟವರಲ್ಲಿ ಕೇಳಿಕೊಳ್ಳುವುದು ಇಷ್ಟು. ಎಪಿಎಂಸಿ ಯಾರ್ಡಿನಿಂದ ಹೊರಡುವ ಪ್ರತಿ ಪಿಕಪ್ ಗೇಟಿನಲ್ಲೇ ಕಾಟಾದ, ಅಂದರೆ ಗಾಡಿ ತೂಗುವ ತಕ್ಕಡಿಯ, ಮೇಲೆ ಹತ್ತಿ ಇಳಿಯಲಿ, ಆ ತೂಕದ ಚೀಟಿಯ ಮೇಲೆ ಮಾಲು ಕಳಿಸಿದವರ ಹೆಸರೂ ಇರಲಿ. ತೂಗುವುದಕ್ಕೆ ಡ್ರೈವರ್‌ನಿಂದ ದುಡ್ಡು ಬೇಡ. ಗಾಡಿ ಹೊರಡುವ ಮೊದಲೇ ತೂಕ ಗೊತ್ತಾದರೆ ಹತ್ತು ಚೀಲ ಅಲ್ಲೇ ಇಳಿಸಬಹುದು. ಘಾಟಿನ ಬಾಯಲ್ಲಿ ಹಿಡಿದರೆ ಆ ಚೀಲಗಳನ್ನು ಎಲ್ಲಿ ಇಳಿಸಬೇಕು?

ಆರ್‌ಟಿಒ ಅಧಿಕಾರಿಗಳಿಗೆ ಒಂದು ಬೇಡಿಕೆ. ಮಾಲು ಗಾಡಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯವೇ ಎಂಬ ಪರೀಕ್ಷೆ, ಆಗಬೇಕು. ಆಗ ಲೈಟು, ರಿಫ್ಲೆಕ್ಟರ್ ಪಟ್ಟಿ, ಬಣ್ಣ ಎಲ್ಲ ನೋಡುತ್ತೀರಿ. ದಯವಿಟ್ಟು ಗಾಡಿಯ ಕೆಳಗೆ ಬಗ್ಗಿ ಈ ರಾಡ್ ನೋಡಿ. ಅದು ಇದೆಯಾ, ತಂತಿ ಕಟ್ಟಿದ್ದಾರಾ, ಲಿವರ್ ತುಕ್ಕು ಹಿಡಿದು ನಿಂತುಹೋಗಿದೆಯಾ. ಖಾಲಿ ಗಾಡಿಯ ಬ್ರೇಕ್ ಪರೀಕ್ಷೆ ಮಾಡಿದರೆ ವಾಲ್ವ್ ಲೋಡಿಗೆ ತಕ್ಕಂತೆ ತೆರೆಯುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಕಣ್ಣಿಂದಲೇ ನೋಡಬೇಕು, ಕೈಯಿಂದ ಲಿವರ್ ಆಡಿಸಬೇಕು. ಎರಡು ನಿಮಿಷದ ಕೆಲಸ. ಹಾಗೆಯೇ ಗಾಡಿಯ ಪಕ್ಕದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ತೂಕವನ್ನು ದೊಡ್ಡದಾಗಿ ಕನ್ನಡದಲ್ಲೂ ಬರೆಸಿ: ಖಾಲಿ ಇಷ್ಟು, ತುಂಬಿದಾಗ ಇಷ್ಟು. ಮಾಲು ಹೇರುವ ಹಮಾಲರೂ ಓದುವಂತಿರಲಿ.

ನನ್ನ ಕಸುಬಿನ ಅಣ್ಣತಮ್ಮಂದಿರಿಗೂ ಹೇಳುತ್ತೇನೆ. ನಾವು ಒಲ್ಲೆ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಅನ್ನುವ ಭಯ ನನಗೂ ಇದೆ. ಬಾಡಿಗೆ ನಾನೂ ಕಟ್ಟಬೇಕು. ಆದರೂ ಆಟೋ ನಗರದ ನಾವೆಲ್ಲ ಕೂತು ಒಂದು ಮಾತಿಗೆ ಬರಬಹುದು. ಕಂಪನಿಯ ಕಟ್ಟಿನ ಮೇಲೆ ಪೂರ್ತಿ ಪಾಟಾ ಸೇರಿಸುವುದಿಲ್ಲ, ಬೇಕಿದ್ದರೆ ಹೆಲ್ಪರ್ ಮಾತ್ರ. ಪಾಟಾ ಬಿಚ್ಚಿದ ಗಾಡಿ ರಾಡ್ ಸೆಟ್ ಮಾಡದೆ ಅಂಗಡಿ ಬಿಟ್ಟು ಹೋಗುವುದಿಲ್ಲ. ಎಲ್ಲರೂ ಇದನ್ನೇ ಹೇಳಿದರೆ ಗಿರಾಕಿ ಹೋಗುವುದೆಲ್ಲಿಗೆ? ನಾನು ಈಗಾಗಲೇ ಹೀಗೆ ಮಾಡುತ್ತಿದ್ದೇನೆ. ಕೆಲವರು ಬೇಜಾರು ಮಾಡಿಕೊಂಡು ಹೋದರು, ಕೆಲವರು ಮರಳಿ ಬಂದರು.

ಸಂಪಾದಕರೇ, ನಿಮ್ಮಲ್ಲೂ ಒಂದು ವಿನಂತಿ. ಆ ವಾಲ್ವ್ ಮತ್ತು ರಾಡ್ ಎಲ್ಲಿರುತ್ತದೆ, ಖಾಲಿ ಇದ್ದಾಗ ಹೇಗೆ, ಲೋಡ್ ಇದ್ದಾಗ ಹೇಗೆ ಕಾಣುತ್ತದೆ ಎಂದು ಫೋಟೊ ಸಮೇತ ಒಮ್ಮೆ ಪತ್ರಿಕೆಯಲ್ಲಿ ಹಾಕಿ. ಮಳೆಗಾಲ ಶುರುವಾಗುವ ಮೊದಲೇ ಬಂದರೆ ಚೆನ್ನ. ಫೋಟೊಗ್ರಾಫರ್ ಅನ್ನು ನನ್ನ ಅಂಗಡಿಗೆ ಕಳಿಸಿ. ಬೆಳಿಗ್ಗೆ ಬಂದರೆ ಯಾವುದಾದರೂ ಒಂದು ಗಾಡಿ ಬಿಚ್ಚಿಟ್ಟಿರುತ್ತದೆ. ಕೆಸರು ತೊಳೆದು, ಎಲ್ಲ ಕಾಣುವಂತೆ ಜಾಕ್ ಮೇಲೆ ನಿಲ್ಲಿಸಿ ಕೊಡುತ್ತೇನೆ.

ಇಂತಿ ನಿಮ್ಮ ಓದುಗ,
ಒಬ್ಬ ಪಾಟಾ ಮಿಸ್ತ್ರಿ
ಆಟೋ ನಗರ, ಬೆಳಗಾವಿ